ಹೆಸರು ಬೆಝಿಯೆಯದು, ಗೆರೆ ಇಬ್ಬರದು

ನಮ್ಮೂರ ಜಾತ್ರೆಗೆ ಈ ಸಲ ಬ್ಯಾನರ್ ಮಾಡಿಸುವ ಕೆಲಸ ನಮ್ಮ ತಲೆಗೇ ಬಂತು. ಪೇಪರಿಗೆ ಬರೆಯೋರು ಅಂದರೆ ಅಕ್ಷರಕ್ಕೆ ಸಂಬಂಧಪಟ್ಟ ಎಲ್ಲ ಕೆಲಸಕ್ಕೂ ಇವರೇ ಅಂತ ಊರವರು ತಿಳಿದಿರುತ್ತಾರೆ. ಕಮಿಟಿಯ ಹಿರಿಯರು ಒಂದೇ ಒಂದು ಮಾತು ಹೇಳಿದ್ದರು: ದೇವಸ್ಥಾನದ ಹಳೇ ತಗಡಿನ ಬೋರ್ಡಿನಲ್ಲಿ ಯಾವ ಥರ ಅಕ್ಷರ ಇದೆಯೋ ಅದೇ ಥರ ಬೇಕು, ಕಂಪ್ಯೂಟರ್ ಅಕ್ಷರ ಬೇಡ.

ಬೋರ್ಡಿನ ಫೋಟೋ ಹೊಡೆದುಕೊಂಡು ತಾಲೂಕು ಬಸ್ ಸ್ಟ್ಯಾಂಡ್ ಎದುರಿನ ಫ್ಲೆಕ್ಸ್ ಅಂಗಡಿಗೆ ಹೋದೆವು. ಕಂಪ್ಯೂಟರ್ ಮುಂದೆ ಕೂತಿದ್ದ ಹುಡುಗನಿಗೆ ಇಪ್ಪತ್ತೆರಡು ಇರಬಹುದು. ಫೋಟೋವನ್ನು ಕೋರಲ್‌ಡ್ರಾದಲ್ಲಿ ಇಟ್ಟುಕೊಂಡು ಅದರ ಮೇಲೆ ಅಕ್ಷರದ ಅಂಚು ಹಿಡಿದು ಕ್ಲಿಕ್ ಮಾಡುತ್ತಾ ಹೋದ. ‘ಶ್ರೀ’ ಅಕ್ಷರ ಒಂದಕ್ಕೇ ಕಾಲು ಗಂಟೆ ಹಿಡಿಯಿತು. ಮೊದಲ ಸಲ ಐವತ್ತಕ್ಕೂ ಹೆಚ್ಚು ಚುಕ್ಕಿ ಇಟ್ಟಿದ್ದ. ದೂರದಿಂದ ಸರಿಯೇ ಕಂಡರೂ, ದೊಡ್ಡದು ಮಾಡಿದಾಗ ಗೆರೆಯೆಲ್ಲ ಉಬ್ಬು ತಗ್ಗು, ಮಳೆಗಾಲ ಮುಗಿದ ಮೇಲಿನ ನಮ್ಮ ರಸ್ತೆ ಹಾಗೆ. ಅಳಿಸಿ ಮತ್ತೆ ಶುರು ಮಾಡಿದ. ಈ ಸಲ ಹದಿನೆಂಟೇ ಚುಕ್ಕಿ. ಪ್ರತಿ ಚುಕ್ಕಿಯಿಂದ ಎರಡು ಕಡ್ಡಿ ಹೊರಡುತ್ತವೆ, ಆ ಕಡ್ಡಿಯ ತುದಿ ಹಿಡಿದು ಎಳೆದಂತೆಲ್ಲ ಗೆರೆ ಬಾಗುತ್ತದೆ.

‘ಚುಕ್ಕಿ ಜಾಸ್ತಿ ಆದ್ರೆ ಸೊಟ್ಟ ಆಗ್ತದೆ ಅಣ್ಣಾ. ಕಮ್ಮಿ ಇಟ್ಟು ಕಡ್ಡೀಲಿ ಎಳೀಬೇಕು’ ಅಂದ. ಈ ಕಡ್ಡಿ ಕಂಡುಹಿಡಿದವರು ಯಾರು ಗೊತ್ತಾ ಅಂತ ಕೇಳಿದೆವು. ‘ಕೋರಲ್‌ನೋರೇ ಇರ್ಬೇಕು’ ಅಂದ.

ಕೋರಲ್‌ನವರಲ್ಲ. ಕೆನಡಾದ ಆ ಕಂಪನಿ ತನ್ನ ಸಾಫ್ಟ್‌ವೇರ್ ಬಿಟ್ಟಿದ್ದು 1989ರಲ್ಲಿ. ಆ ಕಡ್ಡಿಯ ಲೆಕ್ಕ ಅದಕ್ಕಿಂತ ಮೂವತ್ತು ವರ್ಷ ಹಳೆಯದು. ಹುಟ್ಟಿದ್ದು ಚಿತ್ರ ಬರೆಯುವವರ ಕೈಯಲ್ಲೂ ಅಲ್ಲ, ಅಚ್ಚಿನ ಮನೆಯಲ್ಲೂ ಅಲ್ಲ. ಫ್ರಾನ್ಸ್ ದೇಶದ ಎರಡು ಕಾರು ಕಾರ್ಖಾನೆಗಳಲ್ಲಿ, ಒಂದರ ಸುದ್ದಿ ಇನ್ನೊಂದಕ್ಕೆ ಗೊತ್ತಿಲ್ಲದ ಹಾಗೆ ಹುಟ್ಟಿತು.

ಕಾರಿಗೂ ಅಕ್ಷರಕ್ಕೂ ಏನು ಸಂಬಂಧ ಅಂತ ಅನ್ನಿಸುವುದು ಸಹಜ. ನೇರ ಗೆರೆ ಎಳೆಯುವುದಕ್ಕೆ ಅಳತೆಪಟ್ಟಿ ಸಾಕು. ವೃತ್ತಕ್ಕೆ ಒಂದು ಗೂಟ, ಒಂದು ದಾರ ಸಾಕು. ಇವೆರಡೂ ಅಲ್ಲದ ಬಾಗು ಇದೆಯಲ್ಲ, ದೋಣಿಯ ಹೊಟ್ಟೆಯದು, ಕಾರಿನ ಬಾನೆಟ್ಟಿನದು, ನಮ್ಮ ‘ಅ’ ಅಕ್ಷರದ್ದು, ಅದನ್ನು ಇನ್ನೊಬ್ಬರಿಗೆ ಹೇಳಿ ಮಾಡಿಸುವುದು ಕಷ್ಟ. ಮೊದಲಿಗೆ ಈ ಕಷ್ಟ ಬಂದಿದ್ದು ಹಡಗು ಕಟ್ಟುವವರಿಗೆ. ಅವರು ದೊಡ್ಡ ಅಟ್ಟದ ನೆಲದ ಮೇಲೆ ಹಡಗನ್ನು ಅದರ ನಿಜವಾದ ಅಳತೆಯಲ್ಲೇ ಬರೆಯುತ್ತಿದ್ದರು. ಉದ್ದನೆಯ ತೆಳು ಮರದ ಪಟ್ಟಿಯನ್ನು ಬೇಕಾದ ಹಾಗೆ ಬಗ್ಗಿಸಿ, ಅದು ಸರಿಯದಂತೆ ಅಲ್ಲಲ್ಲಿ ಸೀಸದ ಗುಂಡು ಇಟ್ಟು, ಪಟ್ಟಿಯ ಗುಂಟ ಗೆರೆ ಎಳೆಯುತ್ತಿದ್ದರು. ಆ ಸೀಸದ ಗುಂಡಿಗೆ ಕೊಕ್ಕಿನಂಥ ಮೂತಿ ಇರುತ್ತಿದ್ದರಿಂದ ಅದನ್ನು ‘ಬಾತುಕೋಳಿ’ ಅಂತಲೇ ಕರೆಯುತ್ತಿದ್ದರು. ಮರದ ಪಟ್ಟಿಗೆ ತಾನಾಗಿ ಸೊಟ್ಟ ಬಾಗುವುದು ಗೊತ್ತಿಲ್ಲ, ಗುಂಡಿನಿಂದ ಗುಂಡಿಗೆ ನಯವಾಗಿಯೇ ಹೋಗುತ್ತದೆ. ವಿಮಾನ ಕಟ್ಟುವವರೂ ಬಹುಕಾಲ ಇದನ್ನೇ ಮಾಡಿದರು.

ಕಾರಿನಲ್ಲಿ ತೊಂದರೆ ಇನ್ನೂ ಹೆಚ್ಚು. ಕಲಾವಿದ ಕಾಗದದ ಮೇಲೆ ಒಂದು ಬಾಗು ಬರೆಯುತ್ತಾನೆ. ಅದನ್ನು ನೋಡಿ ಜೇಡಿಮಣ್ಣಿನಲ್ಲಿ ಒಬ್ಬರು ಮಾದರಿ ಮಾಡುತ್ತಾರೆ. ಮಣ್ಣಿನ ಮಾದರಿ ಅಳೆದು ಇನ್ನೊಬ್ಬರು ದೊಡ್ಡ ನಕ್ಷೆ ಬರೆಯುತ್ತಾರೆ. ನಕ್ಷೆ ನೋಡಿ ಬಡಗಿ ಮರದಲ್ಲಿ ಮೂಲಮಾದರಿ ಕೆತ್ತುತ್ತಾನೆ. ಮರದ್ದನ್ನು ನೋಡಿ ತಗಡು ಒತ್ತುವ ಉಕ್ಕಿನ ಅಚ್ಚು ತಯಾರಾಗುತ್ತದೆ. ಒಬ್ಬರಿಂದ ಒಬ್ಬರಿಗೆ ಹೋಗುವಾಗ ಬಾಗು ಕೂದಲೆಳೆಯಷ್ಟು ಬದಲಾಗುತ್ತದೆ. ಕೊನೆಗೆ ಬಾಗಿಲು ಕೂರುವುದಿಲ್ಲ. ಆಗ ತಪ್ಪು ಯಾರದು ಅಂತ ಜಗಳ. ಮದುವೆ ಕಾರ್ಡಿನಲ್ಲಿ ಮಾವನ ಹೆಸರು ತಪ್ಪಾದಾಗ ಬರೆದುಕೊಟ್ಟವರು, ಟೈಪ್ ಮಾಡಿದವರು, ಪ್ರೂಫ್ ನೋಡಿದವರು ಒಬ್ಬರ ಮೇಲೊಬ್ಬರು ಹಾಕುತ್ತಾರಲ್ಲ, ಹಾಗೆ.

1950ರ ದಶಕದ ಕೊನೆಗೆ ಅಂಕಿ ಕೊಟ್ಟರೆ ಅದರಂತೆ ಲೋಹ ಕೊರೆಯುವ ಯಂತ್ರಗಳು ಬರತೊಡಗಿದವು. ಯಂತ್ರಕ್ಕೆ ‘ಇಲ್ಲಿ ಸ್ವಲ್ಪ ನಯವಾಗಿ ಬಾಗಿಸಪ್ಪಾ’ ಅಂದರೆ ಅರ್ಥವಾಗುವುದಿಲ್ಲ. ಅಂಕಿಯಲ್ಲೇ ಹೇಳಬೇಕು. ಬಾಗನ್ನು ಅಂಕಿಯಲ್ಲಿ ಹೇಳುವುದು ಹೇಗೆ?

ಸಿಟ್ರೊಯೆನ್ ಕಾರು ಕಂಪನಿ 1958ರಲ್ಲಿ ಪಾಲ್ ದ ಕಾಸ್ತೆಲ್ಜೊ ಎಂಬ ಯುವ ಗಣಿತಜ್ಞನನ್ನು ಕೆಲಸಕ್ಕೆ ಸೇರಿಸಿಕೊಂಡಿತು. ಆಗ ವಯಸ್ಸು ಇಪ್ಪತ್ತೆಂಟರ ಆಸುಪಾಸು. ಮರುವರ್ಷ, 1959ರಲ್ಲೇ ಅವರು ಉತ್ತರ ಕಂಡುಕೊಂಡರು. ಆ ಉತ್ತರ ಎಷ್ಟು ಸರಳ ಅಂದರೆ, ಎಂಟನೇ ಕ್ಲಾಸಿನ ಮಕ್ಕಳೂ ಮಾಡಬಹುದು. ಮನೆಯಲ್ಲಿ ಚೌಕುಳಿ ಹಾಳೆ ಇದ್ದರೆ ಫೋನ್ ಪಕ್ಕಕ್ಕಿಟ್ಟು ಮಾಡಿ ನೋಡಿ.

ಕೆಳಗೆ ಎಡಗಡೆ ಒಂದು ಚುಕ್ಕಿ ಇಡಿ, ಅದು ಕ. ಅಲ್ಲಿಂದ ನೇರ ಮೇಲಕ್ಕೆ 8 ಚೌಕ ಬಿಟ್ಟು ಖ. ಖ ಯಿಂದ ಬಲಕ್ಕೆ 8 ಚೌಕ ಬಿಟ್ಟು ಗ. ಗ ದಿಂದ ಕೆಳಕ್ಕೆ 8 ಚೌಕ ಬಿಟ್ಟು ಘ. ಕ-ಖ, ಖ-ಗ, ಗ-ಘ ಮೂರು ಗೆರೆ ಎಳೆಯಿರಿ. ಕೆಳಗೆ ತೆರೆದ ಪೆಟ್ಟಿಗೆಯಂತೆ ಕಾಣುತ್ತದೆ. ಈಗ ಮೂರು ಗೆರೆಗಳ ನಟ್ಟನಡುವೆ ಒಂದೊಂದು ಗುರುತು ಹಾಕಿ. ಆ ಮೂರು ಗುರುತು ಸೇರಿಸಿದರೆ ಎರಡು ಗೆರೆ ಬರುತ್ತವೆ. ಆ ಎರಡರ ನಡುವೆ ಒಂದೊಂದು ಗುರುತು. ಆ ಎರಡು ಗುರುತು ಸೇರಿಸಿದರೆ ಒಂದೇ ಗೆರೆ. ಅದರ ನಡುವೆ ಕೊನೆಯ ಗುರುತು. ಎಣಿಸಿ ನೋಡಿ, ಅದು ನೆಲದಿಂದ ಸರಿಯಾಗಿ 6 ಚೌಕ ಮೇಲಿರುತ್ತದೆ. ಬಾಗು ಗೆರೆ ಅಲ್ಲಿಂದಲೇ ಹಾದು ಹೋಗುತ್ತದೆ.

ಅದು ಬಾಗಿನ ಒಂದು ಚುಕ್ಕಿ ಮಾತ್ರ. ನಡುವೆ ಗುರುತು ಹಾಕುವ ಬದಲು ಪ್ರತಿ ಗೆರೆಯಲ್ಲೂ ಕಾಲು ಭಾಗಕ್ಕೆ ಗುರುತು ಹಾಕುತ್ತಾ ಹೋದರೆ ಇನ್ನೊಂದು ಚುಕ್ಕಿ, ಮುಕ್ಕಾಲಿಗೆ ಹಾಕಿದರೆ ಮತ್ತೊಂದು. ಹೀಗೆ ಹತ್ತು ಸಲ ಮಾಡಿ ಚುಕ್ಕಿ ಸೇರಿಸಿದರೆ ಹಳೇ ಮನೆಯ ಬಾಗಿಲ ಮೇಲಿನ ಕಮಾನಿನಂಥ ಬಾಗು ಎದ್ದು ನಿಲ್ಲುತ್ತದೆ. ಕೂಡುವುದು, ಭಾಗಿಸುವುದು ಬಿಟ್ಟು ಬೇರೆ ಯಾವ ಲೆಕ್ಕವೂ ಇಲ್ಲ.

ಗಮನಿಸಿ, ಬಾಗು ಕ ದಲ್ಲಿ ಶುರುವಾಗಿ ಘ ದಲ್ಲಿ ಮುಗಿಯುತ್ತದೆ. ಖ ಮತ್ತು ಗ ಚುಕ್ಕಿಗಳನ್ನು ಅದು ಮುಟ್ಟುವುದೇ ಇಲ್ಲ. ಹೊರಡುವಾಗ ಖ ಕಡೆಗೆ ಮುಖ ಮಾಡಿ ಹೊರಡುತ್ತದೆ, ಸೇರುವಾಗ ಗ ಕಡೆಯಿಂದ ಬಂದು ಸೇರುತ್ತದೆ. ಹಗ್ಗ ಹಿಡಿದು ಎಳೆದರೆ ಹಸು ಎಳೆದವನ ಕಡೆಗೆ ತಿರುಗುತ್ತದೆ, ಹಾಗಂತ ಅವನ ಮೈಮೇಲೆ ಬಂದು ನಿಲ್ಲುವುದಿಲ್ಲ. ಫ್ಲೆಕ್ಸ್ ಅಂಗಡಿಯ ಹುಡುಗ ಎಳೆಯುತ್ತಿದ್ದ ಕಡ್ಡಿಗಳ ತುದಿ ಈ ಖ ಮತ್ತು ಗ. ಅವನು ಗೆರೆಯ ನಡುವೆ ಡಬಲ್ ಕ್ಲಿಕ್ ಮಾಡಿ ಹೊಸ ಚುಕ್ಕಿ ಸೇರಿಸಿದಾಗ ಗೆರೆಯ ಆಕಾರ ಚೂರೂ ಬದಲಾಗಲಿಲ್ಲ. ಅದರ ಹಿಂದಿರುವುದೂ ಇದೇ ಅರ್ಧರ್ಧ ಮಾಡುವ ಲೆಕ್ಕ. ನೀವು ಹಾಳೆಯಲ್ಲಿ ಹಾಕಿದ ಗುರುತುಗಳೇ ತುಂಡಾದ ಎರಡು ಬಾಗುಗಳಿಗೆ ಹೊಸ ಕಡ್ಡಿಗಳಾಗುತ್ತವೆ.

ದ ಕಾಸ್ತೆಲ್ಜೊ ಇದನ್ನೆಲ್ಲ ವರದಿ ಬರೆದು ಕಂಪನಿಗೆ ಕೊಟ್ಟರು. ಕಂಪನಿ ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿತು. ಎದುರಾಳಿ ಕಂಪನಿಗಳಿಗೆ ಗುಟ್ಟು ಹೋಗಬಾರದಲ್ಲ. 1963ರಲ್ಲಿ ಇನ್ನೊಂದು ವರದಿ ಬರೆದರು. ಅದೂ ಬೀರು ಸೇರಿತು.

ಅದೇ ಹೊತ್ತಿಗೆ ರೆನೋ ಕಾರ್ಖಾನೆಯಲ್ಲಿ ಪಿಯೆರ್ ಬೆಝಿಯೆ ಇದ್ದರು. ಹುಟ್ಟಿದ್ದು 1910ರಲ್ಲಿ, ಪ್ಯಾರಿಸ್‌ನಲ್ಲಿ. ಇಂಜಿನಿಯರುಗಳ ಮನೆತನ. 1933ರಲ್ಲಿ ರೆನೋ ಸೇರಿದವರು ಅಲ್ಲೇ 42 ವರ್ಷ ದುಡಿದರು, ನಡುವೆ ಎರಡನೇ ಮಹಾಯುದ್ಧದಲ್ಲಿ ಜರ್ಮನರ ಕೈಗೆ ಸಿಕ್ಕಿ ಯುದ್ಧಕೈದಿಯೂ ಆಗಿದ್ದರು. ಕಾರ್ಖಾನೆಯ ಯಂತ್ರಗಳ ನಡುವೆಯೇ ತಲೆ ನರೆತ ಮನುಷ್ಯ. ಬಾಗಿನ ಲೆಕ್ಕಕ್ಕೆ ಕೈ ಹಾಕುವಾಗ ಐವತ್ತು ದಾಟುತ್ತಿತ್ತು. ಅವರ ದಾರಿ ಬೇರೆ. ಒಂದು ಚೌಕದ ಪೆಟ್ಟಿಗೆಯೊಳಗೆ ಒಂದು ಬಾಗು ಇದೆ ಅಂತಿಟ್ಟುಕೊಳ್ಳಿ, ಪೆಟ್ಟಿಗೆಯನ್ನೇ ಹಿಡಿದು ಓರೆ ಮಾಡಿದರೆ, ಜಗ್ಗಿದರೆ, ಒಳಗಿನ ಬಾಗೂ ಅದರ ಜೊತೆ ಓರೆಯಾಗಬೇಕು ಎಂಬುದು ಅವರ ಮೊದಲ ಯೋಚನೆ. ಅಲ್ಲಿಂದ ಹೊರಟವರು ಬಂದು ತಲುಪಿದ್ದು ದ ಕಾಸ್ತೆಲ್ಜೊ ಕಂಡ ಬಾಗಿಗೇ.

ಮೇಲಧಿಕಾರಿಗಳಿಗೆ ಇದರಲ್ಲಿ ನಂಬಿಕೆ ಇರಲಿಲ್ಲ. ಇದು ಅಷ್ಟು ಒಳ್ಳೆಯದಾಗಿದ್ದರೆ ಅಮೆರಿಕದವರು ಇಷ್ಟರಲ್ಲಿ ಮಾಡಿರುತ್ತಿದ್ದರು ಎಂಬ ಅರ್ಥದ ಮಾತು ಕೇಳಬೇಕಾಯಿತು ಅಂತ ಬೆಝಿಯೆ ಆಮೇಲೆ ನೆನಪಿಸಿಕೊಂಡಿದ್ದಾರೆ. (ಅಮೆರಿಕದ ಹೆಸರು ಹೇಳಿ ಪಕ್ಕದವನ ಬಾಯಿ ಮುಚ್ಚಿಸುವುದು ನಮ್ಮಲ್ಲಿ ಮಾತ್ರ ಇರುವ ರೋಗ ಅಂದುಕೊಂಡಿದ್ದೆವು.) ಗಣಿತದ ಡಿಗ್ರಿ ಇಲ್ಲದ ಯಂತ್ರದ ಇಂಜಿನಿಯರ್ ಮಾತಿಗೆ ಬೆಲೆ ಕಮ್ಮಿ ಅಂತಲೋ ಏನೋ, ತಮ್ಮ ಲೆಕ್ಕವನ್ನು ‘ಪ್ರೊಫೆಸರ್ ಒನೆಸಿಮ್ ದ್ಯುರಾಂ’ ಎಂಬ, ಭೂಮಿಯ ಮೇಲೆ ಇಲ್ಲದ ಒಬ್ಬ ಮೇಷ್ಟರ ತಲೆಗೆ ಕಟ್ಟಿ ತಮಾಷೆ ಮಾಡುತ್ತಿದ್ದರಂತೆ. ಗಣಿತದಲ್ಲಿ ಡಾಕ್ಟರೇಟ್ ಪಡೆದಿದ್ದು ಆಮೇಲೆ, 1977ರಲ್ಲಿ, ಕೆಲಸದಿಂದ ನಿವೃತ್ತಿಯಾದ ಮೇಲೆ.

ಇಬ್ಬರ ನಡುವಿನ ದೊಡ್ಡ ವ್ಯತ್ಯಾಸ ಒಂದೇ. ಬೆಝಿಯೆ ಬರೆದು ಪ್ರಕಟಿಸಿದರು. ರೆನೋದವರು ತಡೆಯಲಿಲ್ಲ. ‘ಯೂನಿಸರ್ಫ್’ ಎಂಬ ಅವರ ಕಾರು ವಿನ್ಯಾಸದ ವ್ಯವಸ್ಥೆಯ ಬಗ್ಗೆ 1960ರ ದಶಕದಿಂದಲೇ ಲೇಖನಗಳು ಹೊರಬಂದವು. ಇಂಗ್ಲೆಂಡಿನ ಕೇಂಬ್ರಿಜ್‌ನ ರಾಬಿನ್ ಫಾರೆಸ್ಟ್ ಅದನ್ನು ಓದಿ, ಇದರ ಒಳಗಿರುವುದು ಸೆರ್ಗೆಯ್ ಬರ್ನ್‌ಸ್ಟೈನ್ 1912ರಲ್ಲಿ ಬೇರೆಯದೇ ಕಾರಣಕ್ಕೆ ಬರೆದಿದ್ದ ಗಣಿತ ಅಂತ ತೋರಿಸಿದರು. ಓದಿದ ಕಂಪ್ಯೂಟರ್ ಜನ ಈ ಬಾಗಿಗೆ ‘ಬೆಝಿಯೆ ಕರ್ವ್’ ಅಂತ ಹೆಸರಿಟ್ಟರು. ಓದಿದ್ದರಲ್ಲಿ ಇದ್ದ ಹೆಸರು ಅದೊಂದೇ.

ದ ಕಾಸ್ತೆಲ್ಜೊ ವರದಿಗಳು ಹೊರಗಿನವರ ಕೈಗೆ ಸಿಕ್ಕಿದ್ದು 1970ರ ದಶಕದಲ್ಲಿ. ಜರ್ಮನಿಯ ವೋಲ್ಫ್‌ಗಾಂಗ್ ಬ್ಯೋಮ್ ಎಂಬ ಗಣಿತಜ್ಞ ಅವುಗಳ ಪ್ರತಿ ಸಂಪಾದಿಸಿ ಜಗತ್ತಿಗೆ ಹೇಳಿದಾಗ ಬಾಗಿಗೆ ನಾಮಕರಣ ಆಗಿಹೋಗಿತ್ತು. ಲೆಕ್ಕ ಮಾಡುವ ವಿಧಾನಕ್ಕೆ, ಅಂದರೆ ನಾವು ಚೌಕುಳಿ ಹಾಳೆಯಲ್ಲಿ ಮಾಡಿದ್ದಕ್ಕೆ, ದ ಕಾಸ್ತೆಲ್ಜೊ ಹೆಸರು ಉಳಿಯಿತು. ಬೆಝಿಯೆ ಸಣ್ಣ ಮನುಷ್ಯ ಆಗಿರಲಿಲ್ಲ. ಸಿಟ್ರೊಯೆನ್‌ನ ಗುಟ್ಟಿನ ನೀತಿಯಿಂದಾಗಿ ಈ ಪ್ರತಿಭಾವಂತನಿಗೆ ಸಲ್ಲಬೇಕಾದ ಕೀರ್ತಿಯಲ್ಲಿ ಒಂದು ಪಾಲು ತಪ್ಪಿಹೋಯಿತು ಅಂತ ಅವರೇ ಬರೆದಿದ್ದಾರೆ. 2012ರಲ್ಲಿ ದ ಕಾಸ್ತೆಲ್ಜೊ ಅವರಿಗೆ ಒಂದು ಅಂತರರಾಷ್ಟ್ರೀಯ ಪ್ರಶಸ್ತಿ ಬಂತು. ಆ ಪ್ರಶಸ್ತಿಯ ಹೆಸರು ಬೆಝಿಯೆ ಪ್ರಶಸ್ತಿ! ಆಗ ಅವರಿಗೆ 81 ವರ್ಷ. 2022ರಲ್ಲಿ ತೀರಿಕೊಂಡರು.

ಈ ಕಥೆ ಓದುವಾಗ ನಮಗೆ ಹೊಟ್ಟೆಯೊಳಗೆ ಏನೋ ಚುಚ್ಚಿದ್ದಕ್ಕೆ ಕಾರಣ ಇದೆ. ತಾಲೂಕು, ಜಿಲ್ಲೆಗಳಿಂದ ಸುದ್ದಿ ಕಳಿಸುವ ನಮ್ಮಂಥವರ ಹೆಸರು ಪೇಪರಿನಲ್ಲಿ ಬರುವುದು ಅಪರೂಪ. ‘ನಮ್ಮ ಪ್ರತಿನಿಧಿಯಿಂದ’ ಅಂತ ಬಂದರೆ ಅದೇ ಹೆಚ್ಚು. ಕೆಲವು ವರ್ಷದ ಹಿಂದೆ ಕೆರೆ ಒತ್ತುವರಿ ಬಗ್ಗೆ ಮೂರು ವಾರ ಸುತ್ತಿ ಬರೆದು ಕಳಿಸಿದ್ದು ಡೆಸ್ಕಿನಲ್ಲಿ ಹಾಗೇ ಕೂತಿತು. ಎರಡು ತಿಂಗಳ ನಂತರ ಬೇರೊಬ್ಬರ ಹೆಸರಿನಲ್ಲಿ, ಹೆಚ್ಚು ಕಮ್ಮಿ ನಮ್ಮದೇ ಅಂಕಿ ಅಂಶಗಳ ಜೊತೆ ಬಂತು. ಆ ಪೇಪರಿನ ಹೆಸರು ಇಲ್ಲಿ ಬೇಡ. ಬರೆದವರು ಕದ್ದರು ಅಂತಲೂ ನಾವು ಹೇಳುವುದಿಲ್ಲ, ಅವರೂ ಅದೇ ಕೆರೆ ಸುತ್ತಿರಬಹುದು. ಬೆಝಿಯೆ ಕೂಡ ಕದ್ದವರಲ್ಲ.

ಕಾರಿನಿಂದ ಈ ಬಾಗು ಅಕ್ಷರಕ್ಕೆ ಬಂದಿದ್ದು ಅಮೆರಿಕದಲ್ಲಿ. ಜಾನ್ ವಾರ್ನಾಕ್ ಮತ್ತು ಚಕ್ ಗೆಶ್ಕಿ ಎಂಬ ಇಬ್ಬರು 1982ರಲ್ಲಿ ಅಡೋಬಿ ಕಂಪನಿ ಶುರು ಮಾಡಿದರು. ವಾರ್ನಾಕ್ ಮನೆ ಹಿಂದೆ ಹರಿಯುವ ಹಳ್ಳದ ಹೆಸರೇ ಕಂಪನಿಯ ಹೆಸರು. 1984ರಲ್ಲಿ ಅವರ ‘ಪೋಸ್ಟ್‌ಸ್ಕ್ರಿಪ್ಟ್’ ಬಂತು, ಮರುವರ್ಷ ಆಪಲ್ ಕಂಪನಿಯ ಲೇಸರ್ ಪ್ರಿಂಟರಿನೊಳಗೆ ಕೂತಿತು. ಅಲ್ಲಿಯವರೆಗೆ ಕಂಪ್ಯೂಟರ್ ಅಕ್ಷರ ಅಂದರೆ ಬಹುತೇಕ ಸಣ್ಣ ಸಣ್ಣ ಚೌಕಗಳ ರಾಶಿ, ದೊಡ್ಡದು ಮಾಡಿದರೆ ಮೆಟ್ಟಿಲು ಮೆಟ್ಟಿಲು. ಪೋಸ್ಟ್‌ಸ್ಕ್ರಿಪ್ಟ್ ಅಕ್ಷರದ ಅಂಚನ್ನೇ ಬೆಝಿಯೆ ಬಾಗುಗಳಲ್ಲಿ ಬರೆದಿಟ್ಟಿತು. ಸಾಸಿವೆಯಷ್ಟು ಮಾಡಿ, ಸಂತೆ ಮಾಳದಷ್ಟು ಮಾಡಿ, ಅಂಚು ಒಡೆಯುವುದಿಲ್ಲ.

ಆದರೆ ಆ ಬಾಗುಗಳನ್ನು ಬಳಸಬೇಕಾದರೆ ಪ್ರೋಗ್ರಾಂ ಬರೆಯಬೇಕಿತ್ತು. ವಾರ್ನಾಕ್ ಪತ್ನಿ ಮಾರ್ವಾ ಗ್ರಾಫಿಕ್ ಡಿಸೈನರ್. ಅವರಂಥ ಕಲಾವಿದರು ಇಂಕು, ಪೆನ್ನು ಹಿಡಿದು ಒಂದು ನಯವಾದ ಗೆರೆಗೆ ಪಡುವ ಪಾಡನ್ನು ವಾರ್ನಾಕ್ ಮನೆಯಲ್ಲೇ ನೋಡುತ್ತಿದ್ದರು. 1987ರಲ್ಲಿ ಹೊರಬಂದ ‘ಇಲ್ಲಸ್ಟ್ರೇಟರ್’ ಹಿಂದೆ ಆ ನೋಟ ಇತ್ತು. ಮೌಸ್ ಒತ್ತಿ ಚುಕ್ಕಿ ಇಡು, ಬಿಡದೆ ಎಳೆದರೆ ಕಡ್ಡಿ. ಖ ಮತ್ತು ಗ ಜನರ ಕೈಗೆ ಸಿಕ್ಕವು. ಎರಡು ವರ್ಷಕ್ಕೆ ಕೋರಲ್‌ಡ್ರಾ ಬಂತು, 2003ರಲ್ಲಿ ದುಡ್ಡಿಲ್ಲದೆ ಸಿಗುವ ಇಂಕ್‌ಸ್ಕೇಪ್ ಬಂತು. ನಮ್ಮ ಕಡೆಯ ಮದುವೆ ಕಾರ್ಡು, ಕರಪತ್ರ, ಫ್ಲೆಕ್ಸ್ ಅಂಗಡಿಗಳಲ್ಲಿ ಕೋರಲ್ ತಳ ಊರಿತು.

ಈ ಬಾಗಿಗೂ ಆಗದ ಒಂದು ಕೆಲಸ ಇದೆ, ಪೂರ್ತಿ ದುಂಡಗಿನ ವೃತ್ತ. ಗೂಟ ದಾರದಲ್ಲಿ ಮಗು ಮಾಡುವುದನ್ನು ಇದು ಮಾಡಲಾರದು. ನಾಲ್ಕು ಬಾಗು ಜೋಡಿಸಿ, ಪ್ರತಿ ಕಡ್ಡಿಯನ್ನು ತ್ರಿಜ್ಯದ 0.5523ರಷ್ಟು ಉದ್ದ ಇಟ್ಟರೆ ವೃತ್ತಕ್ಕೆ ಬಹಳ ಹತ್ತಿರ ಬರುತ್ತದೆ. ಒಂದು ಮೀಟರ್ ತ್ರಿಜ್ಯದ ವೃತ್ತದಲ್ಲಿ ತಪ್ಪು ಹೆಚ್ಚೆಂದರೆ ಕಾಲು ಮಿಲಿಮೀಟರ್ ಚಿಲ್ಲರೆ. ಬ್ಯಾನರಿನಲ್ಲಿ ಅದನ್ನು ಯಾರು ಅಳೆಯುತ್ತಾರೆ?

ಕನ್ನಡಕ್ಕೆ ಈ ಬಾಗು ಇಂಗ್ಲಿಷಿಗಿಂತ ಹೆಚ್ಚು ಬೇಕು. ಇಂಗ್ಲಿಷಿನಲ್ಲಿ ನೇರ ಗೆರೆಯ ಅಕ್ಷರ ಎಷ್ಟೋ ಇವೆ. ನಮ್ಮದರಲ್ಲಿ ಹುಡುಕಬೇಕು. 1843ರಲ್ಲಿ ಹರ್ಮನ್ ಮೊಗ್ಲಿಂಗ್ ‘ಮಂಗಳೂರ ಸಮಾಚಾರ’ ತಂದಾಗ ಅದು ಕಲ್ಲಚ್ಚಿನಲ್ಲಿ ಬಂತು. ಕಲ್ಲಚ್ಚು ಅಂದರೆ ಕೈ ಹೇಗೆ ಬಾಗುತ್ತದೋ ಅಕ್ಷರ ಹಾಗೆ. ಆಮೇಲೆ ಅಚ್ಚುಮೊಳೆಯ ಕಾಲದಲ್ಲಿ ಪ್ರತಿ ಅಳತೆಗೂ ಬೇರೆ ಮೊಳೆ, ಒತ್ತು, ಗುಣಿತ ಎಲ್ಲ ಸೇರಿ ಗೂಡುಗಟ್ಟಲೆ. 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರ ‘ಬರಹ’ ಬಂತು, ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂತು. ಈ ಹೊತ್ತು ನೀವು ಫೋನಿನಲ್ಲಿ ಓದುತ್ತಿರುವ ಈ ಸಾಲಿನ ಪ್ರತಿ ಅಕ್ಷರದ ಅಂಚೂ ಅದೇ ಕುಟುಂಬದ ಬಾಗುಗಳಿಂದ ಆಗಿದ್ದು. ಫೋನಿನ ಅಕ್ಷರಗಳಲ್ಲಿ ಹೆಚ್ಚಾಗಿ ನಾಲ್ಕರ ಬದಲು ಮೂರೇ ಚುಕ್ಕಿಯ ಲೆಕ್ಕ, ಅಂದರೆ ಎರಡು ತುದಿಗೆ ಸೇರಿ ಒಂದೇ ಕಡ್ಡಿ. ಎರಡು ಬೆರಳಿಟ್ಟು ಹಿಗ್ಗಿಸಿ ನೋಡಿ, ‘ಈ’ ಒಡೆಯುವುದಿಲ್ಲ.

ಪ್ರೆಸ್ಸಿಗೆ ಫೈಲ್ ಕಳಿಸುವಾಗ ‘ಕರ್ವ್ ಮಾಡಿ ಕಳ್ಸಿ’ ಅನ್ನುತ್ತಾರಲ್ಲ, ಅದೂ ಇದೇ. ಕಂಟ್ರೋಲ್ ಕ್ಯೂ ಒತ್ತಿದರೆ ಅಕ್ಷರ ಅಕ್ಷರವಾಗಿ ಉಳಿಯುವುದಿಲ್ಲ, ಬರೀ ಬಾಗುಗಳಾಗುತ್ತದೆ. ಆಮೇಲೆ ಪ್ರೆಸ್ಸಿನವರ ಹತ್ತಿರ ನುಡಿ ಇರಲಿ ಬಿಡಲಿ, ಬರಹ ಕೆಡುವುದಿಲ್ಲ. ಹೆಸರು ತಪ್ಪಿದ್ದರೆ ಕೀಬೋರ್ಡಿನಲ್ಲಿ ತಿದ್ದಲೂ ಆಗುವುದಿಲ್ಲ. ಹಾಗಾಗಿ ಕರ್ವ್ ಮಾಡುವ ಮೊದಲು ಮಾವನ ಹೆಸರು ಎರಡು ಸಲ ಓದಿಬಿಡಿ.

ನಮ್ಮ ಬೋರ್ಡಿನ ಅಕ್ಷರ ಪೂರ್ತಿ ಆಗುವ ಹೊತ್ತಿಗೆ ಸಂಜೆಯಾಗಿತ್ತು. ಅದನ್ನು ಬರೆದವರ ಕೈ ಎಂಥದು ಅಂತ ಹುಡುಗನ ಕೆಲಸ ನೋಡಿದ ಮೇಲೆ ತಿಳಿಯಿತು. ‘ಸ್ವಾಮಿ’ಯ ದೀರ್ಘವನ್ನು ಒಂದೇ ಉಸಿರಿಗೆ ಬ್ರಶ್ಶಿನಲ್ಲಿ ಎಳೆದಿದ್ದರು. ಹುಡುಗ ಅದಕ್ಕೆ ಐದು ಚುಕ್ಕಿ ಇಟ್ಟು, ಆರು ಸಲ ಕಡ್ಡಿ ತಿರುಗಿಸಿದ. ‘ಇವ್ರು ಕೈಲಿ ಹೆಂಗೆ ಬರೆದ್ರಣ್ಣಾ ಇದ್ನ?’ ಅಂದ.

ಬೋರ್ಡ್ ಬರೆಯುವವರು ಕೆಳಗಡೆ ಮೂಲೆಯಲ್ಲಿ ಸಣ್ಣದಾಗಿ ಹೆಸರು ಹಾಕುತ್ತಾರೆ. ಫೋಟೋ ಹಿಗ್ಗಿಸಿ ನೋಡಿದೆವು. ಹೆಸರಿದ್ದ ಕಡೆ ತುಕ್ಕು ತಿಂದು ತೂತಾಗಿತ್ತು. ‘ಆರ್ಟ್ಸ್, 1986’ ಅಷ್ಟೇ ಉಳಿದಿತ್ತು. ಕಮಿಟಿಯ ಹಿರಿಯರಿಗೆ ಫೋನ್ ಮಾಡಿ ಬರೆದವರು ಯಾರು ಅಂತ ಕೇಳಿದೆವು. ಒಬ್ಬರು ಒಂದು ಹೆಸರು ಹೇಳಿದರು, ಇನ್ನೊಬ್ಬರು ಅವರಲ್ಲವೇ ಅಲ್ಲ ಅಂತ ಬೇರೆ ಹೆಸರು ಹೇಳಿದರು. ಎರಡೂ ಕಡೆಯವರು ಗಟ್ಟಿಯಾಗಿಯೇ ಹೇಳಿದರು. ಇಬ್ಬರಲ್ಲಿ ಒಬ್ಬರು ತೀರಿಹೋಗಿದ್ದಾರೆ, ಇನ್ನೊಬ್ಬರು ಊರು ಬಿಟ್ಟು ಎಷ್ಟೋ ಕಾಲವಾಯಿತು.

‘ಇಲ್ಲಿ ಏನ್ ಹಾಕ್ಲಿ ಅಣ್ಣಾ, ನಮ್ಮಂಗ್ಡಿ ನಂಬರ್ ಹಾಕ್ಲಾ?’ ಅಂತ ಹುಡುಗ ಕೇಳಿದ. ಇನ್ನೆರಡು ದಿನ ತಡಿ, ಕೇಳಿ ಹೇಳ್ತೀವಿ ಅಂದೆವು. ಆ ಮೂಲೆ ಖಾಲಿ ಬಿಟ್ಟು ಫೈಲ್ ಸೇವ್ ಮಾಡಿದ. ಕರ್ವ್ ಇನ್ನೂ ಮಾಡಿಲ್ಲ.